ನಾನು ಓದಿ ಹೇಳಿದ ಚೀಟಿ

ಅಣ್ಣಿಗೇರಿ ಹತ್ತಿರದ ನಮ್ಮ ಊರಿನಲ್ಲಿ ಯಾರಿಗೆ ಏನೇ ಬೇನೆಯಾದರೂ ಮೊದಲು ನನ್ನನ್ನು ಕೇಳುತ್ತಿದ್ದರು. ಹೈಸ್ಕೂಲ್ ಮಾಸ್ತರ ನಾನು. ಕಿವಿಗೆ ಹುಬ್ಬಳ್ಳಿಯಲ್ಲಿ ಯಾವ ಡಾಕ್ಟರು, ಕಿಡ್ನಿ ಹರಳಿಗೆ ಧಾರವಾಡದಲ್ಲಿ ಯಾರು ಎಂದು ಬಾಯಿಪಾಠದಂತೆ ಹೇಳುತ್ತಿದ್ದೆ. ಹೇಳುವುದರಲ್ಲಿ ನನಗೊಂದು ಸುಖವೂ ಇತ್ತು.

ಬಾಜು ಮನೆಯ ಕುರಿ ಕಾಯುವ ಕಾಕಾನಿಗೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಎಲುಬಿನದೇ ತೊಂದರೆ ಎಂದು ನಾನೇ ತೀರ್ಮಾನಿಸಿ, ಹುಬ್ಬಳ್ಳಿಯ ಎಲುಬಿನ ಡಾಕ್ಟರ ಹೆಸರು ಬರೆದುಕೊಟ್ಟೆ. ಅವರು ಕಾಲು ಮುಟ್ಟಿ ನೋಡಿ, ಗುಳಿಗೆಯ ಜೊತೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಕಳಿಸಿದ್ದರು. ಅಲ್ಲಿನ ಗದ್ದಲದಲ್ಲಿ ಡಾಕ್ಟರು ಹೇಳಿದ್ದು ಕಾಕಾನಿಗೆ ತಿಳಿದಿರಲಿಲ್ಲ.

“ಏನ್ ಬರದಾರ ನೋಡ್ರಿ ಮಾಸ್ತರ್ರ,” ಎಂದು ಊರಿಗೆ ಮರಳಿದ ಕಾಕಾ ಚೀಟಿಯನ್ನು ನನ್ನ ಕೈಗಿಟ್ಟರು.

‘ವ್ಯಾಸ್ಕ್ಯುಲರ್ ಸರ್ಜನ್ ಬಳಿ ತೋರಿಸಿ’ ಎಂದಿತ್ತು. ಸರ್ಜನ್ ತಿಳಿಯಿತು, ಅದರ ಹಿಂದಿನ ಶಬ್ದ ತಿಳಿಯಲಿಲ್ಲ. ಕಟ್ಟೆಯ ಮೇಲೆ ನಾಲ್ಕು ಮಂದಿ ಕುಳಿತಿದ್ದರು. ಫೋನು ಕಿಸೆಯಲ್ಲೇ ಇತ್ತು, ಅವರೆದುರು ತೆಗೆದು ನೋಡಲು ಮನಸ್ಸಾಗಲಿಲ್ಲ.

“ಗುಳಿಗಿ ತಗೊಳ್ರಿ ಕಾಕಾ. ಆರಾಮ ಆಗ್ಲಿಲ್ಲಂದ್ರ ಮುಂದ ನೋಡೂಣು,” ಎಂದೆ. ಮನೆಗೆ ಹೋಗಿ ಹುಡುಕಬೇಕೆಂದುಕೊಂಡವನು ಮರೆತೇಬಿಟ್ಟೆ.

ತಿಂಗಳೊಪ್ಪತ್ತಿನಲ್ಲಿ ಅವರ ಕಾಲಿನ ಎರಡು ಬೆರಳು ಕಪ್ಪಾದವು. ಆಗ ಫೋನು ತೆಗೆದು ನೋಡಿದೆ: ರಕ್ತನಾಳದ ಶಸ್ತ್ರವೈದ್ಯರು. ಹುಡುಕಲು ಎರಡು ನಿಮಿಷವೂ ಹಿಡಿಯಲಿಲ್ಲ. ಮರುದಿನ ಬೆಳಗಿನ ಗಾಡಿಗೆ ಕಾಕಾನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ.

ಅಲ್ಲಿನ ರಕ್ತನಾಳದ ಸರ್ಜನ್ ಹಳೆಯ ಚೀಟಿಯನ್ನು ಎರಡು ಸಲ ಓದಿದರು. “ಆವಾಗ ಬಂದಿದ್ರ ಬೆರಳು ಉಳೀತಿದ್ದುವ್ರಿ. ಇದನ್ನ ಯಾರೂ ಓದಿ ಹೇಳ್ಲಿಲ್ಲೇನು?”

ನಾನು ಪಕ್ಕದಲ್ಲೇ ನಿಂತಿದ್ದೆ. ಕಾಕಾ ನನ್ನ ಕಡೆ ನೋಡದೆ, “ಯಾರಿಗೂ ತೋರಿಸಲಿಲ್ರಿ. ನನ್ನ ಕಿಸೇದಾಗ ಉಳೀತು,” ಎಂದರು.

ಶಸ್ತ್ರಚಿಕಿತ್ಸೆಯಾಗಿ ಕಾಲು ಉಳಿಯಿತು. ಬೆರಳು ಎರಡೂ ಹೋದವು.

ಅವರು ಊರಿಗೆ ಬಂದು ವಾರವಾದ ಮೇಲೆ ಹೋಗಿ ಒಪ್ಪಿಕೊಂಡೆ. “ಆ ಶಬ್ದ ನನಗ ತಿಳೀಲಿಲ್ಲ ಕಾಕಾ.”

ಕಾಕಾ ಬ್ಯಾಂಡೇಜಿನ ಕಾಲನ್ನು ಕಂಬಳಿಯ ಮೇಲೆ ಸರಿಸಿಕೊಂಡರು. “ಅವತ್ತ ಹಂಗ ಅಂದಿದ್ರ ಬ್ಯಾರೆಯವರನ್ನ ಕೇಳ್ತಿದ್ದೆ ನೋಡ್ರಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರ ಹೆಂಡತಿ ಚಹಾ ತಂದಿಟ್ಟರು. ಕುಡಿದು ಮುಗಿಸುವವರೆಗೂ ನನಗೆ ತಲೆ ಎತ್ತಲಾಗಲಿಲ್ಲ.

ಊರವರು ಈಗಲೂ ನನ್ನನ್ನೇ ಕೇಳಲು ಬರುತ್ತಾರೆ. ಕಾಕಾ ಆ ಚೀಟಿಯ ಮಾತನ್ನು ಯಾರ ಮುಂದೆಯೂ ಆಡಿಲ್ಲ.