ಅಜ್ಜನ ಕೇಕು, ಬಿಲ್ಡಿಂಗಿನ ಮಟ್ಟ

ನಮ್ಮ ಮನೆತನದ ಕೇಕು ಅಜ್ಜಿಯದಲ್ಲ, ಅಜ್ಜನದು. ಅಜ್ಜ ಗೌಂಡಿ. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು ಇಟ್ಟಿಗೆ, ಸಿಮೆಂಟಿನಲ್ಲೇ ಆಯುಷ್ಯ ಸವೆಸಿದವನು. ಕಟ್ಟಡದ ಕೆಲಸ ನಡೆಯುವಲ್ಲೇ ಶೆಡ್ಡು ಹಾಕಿಕೊಂಡಿದ್ದ ದಿನಗಳಲ್ಲಿ, ದೊಡ್ಡ ಪಾತ್ರೆಯಲ್ಲಿ ಮರಳು ಕಾಯಿಸಿ ಅದರೊಳಗೆ ಡಬ್ಬಿ ಇಟ್ಟು ಕೇಕು ಬೇಯಿಸುವುದನ್ನು ಯಾರಿಂದಲೋ ಕಲಿತಿದ್ದ. ರವೆ, ಮೊಸರು, ಸಕ್ಕರೆ, ತುಪ್ಪ, ಚಿಟಿಕೆ ಸೋಡಾ. ಕಲಸುವ ಪದ್ಧತಿ ಮಾತ್ರ ಸಂಪೂರ್ಣ ಗಾರೆಯದು. ರವೆಯನ್ನು ಗುಡ್ಡೆ ಮಾಡಿ, ನಡುವೆ ಕುಳಿ ತೋಡಿ, ಮೊಸರು ಸುರಿದು, ಅಂಚಿನಿಂದ ಒಳಗೆ ಎಳೆಯುತ್ತ ಬರಬೇಕು. ಬೆಂದ ಮೇಲೆ ಸ್ಲ್ಯಾಬಿಗೆ ಮಾಡುವಂತೆ ಒದ್ದೆ ಬಟ್ಟೆ ಹೊದಿಸಿ, ಮರುದಿನದವರೆಗೆ ಆಗಾಗ ನೀರು ಚಿಮುಕಿಸಬೇಕು. "ನೀರ ಕುಡಸಲಿಲ್ಲಂದ್ರ ಬಿರಕ ಬಿಡತೈತಿ" ಎನ್ನುತ್ತಿದ್ದ. ನನ್ನ ಬಾಲ್ಯದ ಹುಟ್ಟುಹಬ್ಬದ ಕೇಕುಗಳೆಲ್ಲ ಹೀಗೆ ನೀರು ಕುಡಿದು ಗಟ್ಟಿಯಾದವು.

ಅಜ್ಜಿ ತೀರಿಕೊಂಡ ಮೇಲೆ ಅಜ್ಜನನ್ನು ಮುಲುಂಡಿನ ನಮ್ಮ ಫ್ಲಾಟಿಗೆ ಕರೆತಂದೆ. ಬಂದವನು ಉಣ್ಣುವುದನ್ನೇ ಬಿಟ್ಟ. ನಾನೂ ಗಂಡನೂ ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವವರು. ಅವನಿಗೆಂದು ರೊಟ್ಟಿ, ಪಲ್ಯ ಮುಚ್ಚಿಟ್ಟು ಹೋದರೆ ಸಂಜೆ ತಟ್ಟೆ ಇಟ್ಟ ಹಾಗೇ ಇರುತ್ತಿತ್ತು. ರಾತ್ರಿ ಅವನಿಗೆ ಮೊದಲೇ ಬಡಿಸಿಟ್ಟು ನಾವು ಮನೆಗೆಲಸಕ್ಕೆ ತಿರುಗಿದರೆ ಆ ತಟ್ಟೆಯೂ ಹಾಗೇ ಉಳಿಯುತ್ತಿತ್ತು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ರೋಗವೇನೂ ಇಲ್ಲ, ಉಂಡರೆ ಸಾಕು ಎಂದರು. ಅಂಗಿ ಅವನ ಮೈಮೇಲೆ ಗೂಟಕ್ಕೆ ತೂಗುಹಾಕಿದಂತೆ ಕಾಣತೊಡಗಿದಾಗ ನನಗೆ ನಿಜವಾಗಿ ಭಯವಾಯಿತು. ಒಂದು ಭಾನುವಾರ, "ಏನ್ ಮಾಡಿಕೊಟ್ರ ತಿಂತಿ, ಹೇಳಿಬಿಡು ಅಜ್ಜಾ" ಎಂದೆ.

"ಕೇಕ್" ಅಂದ.

ಬೇಕರಿಯಿಂದ ತಂದದ್ದನ್ನು ಬೆರಳಿನಿಂದ ಒತ್ತಿ ನೋಡಿ, "ಇದು ಕಟ್ಟಿದ್ದಲ್ಲ, ಊದಿದ್ದು" ಎಂದು ಆಚೆ ಸರಿಸಿದ. ಸರಿ, ಮರಳು ಹೊಂದಿಸಿ ಕೆಲಸ ಶುರು ಮಾಡಿದೆವು. ಅವನ ಕೈ ನಡುಗುತ್ತದೆ. ಹಾಗಾಗಿ ಕುರ್ಚಿಯ ಮೇಲೆ ಕುಳಿತ ಅವನು ಮೇಸ್ತ್ರಿ, ನಾನು ಕೂಲಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನಗೆ ಕೈಯೆಲ್ಲ ಮೊಸರಾಗಿ, ಮೇಲೆ ಬೈಗುಳವೂ ಸಿಕ್ಕಿತು. ಇಷ್ಟಾಗಿ ಹೊರಬಂದ ಕೇಕು ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ತೆಳ್ಳಗೆ.

"ಬಿಲ್ಡಿಂಗ ಡೊಂಕೈತಿ" ಅಂದ ಅಜ್ಜ.

"ಹೌದೌದು, ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದು ನಾನು ಗೊಣಗಿದ್ದು ಅವನ ಕಿವಿಗೆ ಬಿತ್ತು. ಸರಸರನೆ ಎದ್ದು ತನ್ನ ಟ್ರಂಕಿನಿಂದ, ಗೋಡೆ ನೆಲದ ಮಟ್ಟ ನೋಡುವ ಹಳೆಯ ರಸಮಟ್ಟ ತಂದು ಕೇಕಿನ ಮೇಲಿಟ್ಟ. ಗಾಜಿನೊಳಗಿನ ಗುಳ್ಳೆ ಒಂದು ಪಕ್ಕಕ್ಕೆ ಓಡಿತು. ಅಡುಗೆ ಕಟ್ಟೆಯ ಮೇಲಿಟ್ಟ. ಗುಳ್ಳೆ ಅದೇ ಪಕ್ಕಕ್ಕೆ ಓಡಿತು. ಅಜ್ಜ ಕೋಲು ಹಿಡಿದು, ಕೇಕಿನ ಒಂದು ತುಂಡನ್ನು ಸಾಕ್ಷಿಗೆಂದು ತೆಗೆದುಕೊಂಡು, ಸೊಸೈಟಿಯ ಸೆಕ್ರೆಟರಿಯ ಮನೆಗೆ ಹೊರಟೇಬಿಟ್ಟ.

"ಝುಕ್ ಗಯಾ ಮತ್‌ಲಬ್?" ವಾಲಿದೆ ಅಂದರೇನು ಎಂದು ಸೆಕ್ರೆಟರಿ ಬೆಚ್ಚಿದರು.

"ಬಿಲ್ಡಿಂಗ್ ವಾಲೀ ಹೈ ಸಾಬ್. ಕೇಕ್ ಮೇ ದಿಖ್ತಾ ಹೈ" ಎಂದು ಅಜ್ಜ ತನ್ನದೇ ಹಿಂದಿಯಲ್ಲಿ, ಕೇಕಿನಲ್ಲೇ ಕಾಣುತ್ತದೆಂದು ವರದಿ ಒಪ್ಪಿಸಿದ. ಒಂದು ಅಡುಗೆಮನೆಯಿಂದ ಏನೂ ಹೇಳಲಾಗದು, ಮಹಡಿ ಮಹಡಿಯ ಕೇಕು ನೋಡಬೇಕು ಎಂದೂ ಸೇರಿಸಿದ.

ಹೌಸಿಂಗ್ ಸೊಸೈಟಿಗೆ ತಲೆ ಕೆಡಿಸಿಕೊಳ್ಳಲು ವಿಷಯ ಸಿಕ್ಕರೆ ಸಾಕು. ಎಲ್ಲರೂ ಗ್ಯಾಸಿನ ಮೇಲೆಯೇ ಕೇಕು ಮಾಡತಕ್ಕದ್ದು, ಓವನ್ ನಡೆಯದು ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಸೂಚನೆ ಬಂತು. ಮೂಲೆಯ ಅಂಗಡಿಯಲ್ಲಿ ರವೆ ಖಾಲಿಯಾಯಿತು. ಮೊಟ್ಟೆ ಹಾಕಿದ ಕೇಕಿನ ಫಲಿತಾಂಶವನ್ನು ಸಸ್ಯಾಹಾರಿಗಳು ಒಪ್ಪಬೇಕೇ ಎಂದು ಜಗಳವಾಯಿತು. ಮೇಲಿನ ಮಹಡಿಯವರೊಬ್ಬರು, ತಮ್ಮ ಕೇಕು ಡೊಂಕಾದರೆ ಫ್ಲಾಟಿನ ಬೆಲೆ ಬೀಳುತ್ತದೆಂದು ಹೆದರಿ, ಕಿಟಕಿ ಮುಚ್ಚಿಕೊಂಡು ಗುಟ್ಟಾಗಿ ಬೇಯಿಸಿದರು. ಏಲಕ್ಕಿಯ ವಾಸನೆ ಲಿಫ್ಟಿನಲ್ಲಿ ಕೆಳಗಿಳಿದು ಬಂದು ಅವರ ಮಾನ ಕಳೆಯಿತು.

ಸಂಜೆ ನಾನು ಆಫೀಸಿನಿಂದ ಬಂದರೆ ಅಜ್ಜ ಮನೆಯಲ್ಲಿರುತ್ತಿರಲಿಲ್ಲ. ಯಾರದೋ ಮನೆಯಲ್ಲಿ ಕೇಕಿನ ಮೇಲೆ ರಸಮಟ್ಟ ಇಟ್ಟುಕೊಂಡು ಕುಳಿತಿರುತ್ತಿದ್ದ. ಅಳೆದಾದ ಮೇಲೆ, "ಒಳಗ ಟೊಳ್ಳೈತೇನ ನೋಡಬೇಕು" ಎಂದು ಕೊಯ್ದು ತಿನ್ನುತ್ತಿದ್ದ. ಆಮೇಲೆ ಚಹಾ, ಒಬ್ಬರ ಮನೆಯಲ್ಲಿ ಢೋಕ್ಲಾ, ಇನ್ನೊಬ್ಬರಲ್ಲಿ ಥಾಲೀಪೆಟ್ಟು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ. ಅವನ ಕೆನ್ನೆ ತುಂಬಿಕೊಂಡಿತು. ನಾನು ದೇವರಿಗೆ ದೀಪ ಹಚ್ಚಿ, ಬಿಲ್ಡಿಂಗ್ ಇನ್ನಷ್ಟು ವಾಲಿದರೂ ಅಡ್ಡಿಯಿಲ್ಲ ಎಂದು ಬೇಡಿಕೊಂಡೆ.

ಆದರೆ ಎಲ್ಲ ಮನೆಯ ಕೇಕೂ ಸಿಂಕಿನ ಕಡೆಗೇ ದಪ್ಪ ಎಂದಾದಾಗ ಜನ ಕಂಗಾಲಾದರು. ಒಂದು ಕುಟುಂಬ ಗಂಟುಮೂಟೆ ಕಟ್ಟಿ ಕಾಂದಿವಲಿಯ ನೆಂಟರ ಮನೆಗೆ ಹೋಯಿತು. ಸೆಕ್ರೆಟರಿ ಎಂಜಿನಿಯರನ್ನು ಕರೆಸಿದರು. ಆತ ತನ್ನ ಸಲಕರಣೆಗಳಿಂದ ದಿನವಿಡೀ ಅಳೆದು, ಬಿಲ್ಡಿಂಗ್ ನೆಟ್ಟಗಿದೆ, ನೀರು ಸಿಂಕಿಗೆ ಹರಿದುಹೋಗಲೆಂದು ಎಲ್ಲ ಅಡುಗೆ ಕಟ್ಟೆಗಳಿಗೂ ಸ್ವಲ್ಪ ಇಳಿಜಾರು ಕೊಟ್ಟಿದ್ದಾರೆ, ಅಷ್ಟೇ, ಎಂದ. ಕಮಿಟಿಯವರೆಲ್ಲ ಅಜ್ಜನ ಕಡೆ ತಿರುಗಿದರು. ಅಜ್ಜ ಫ್ಯಾನು ನೋಡುತ್ತಿದ್ದ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೇಳಿದೆ: "ಇಳಿಜಾರಿನ ಸಂಗತಿ ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿಲ್ದ ಏನು? ಜೀವಮಾನೆಲ್ಲಾ ಅದನ್ನ ನಾನ ಕೊಟ್ಟೀನಿ."

"ಮತ್ತ ಮಂದೀನ್ನೆಲ್ಲಾ ಯಾಕ ಹೆದರಿಸಿದಿ?"

ಅಜ್ಜ ದೋತರದ ಚುಂಗನ್ನು ಸರಿಮಾಡಿಕೊಂಡ. "ಮೊದಲ ಸಿಟ್ಟಿಗೆ ಅಂದೆ. ಆಮ್ಯಾಲ, ನಾ ಏನ್ ಹೇಳ್ತೀನೋ ಅಂತ, ತಿಂದು ಮುಗಿಸೂತನಾ ಎಲ್ಲಾರೂ ಎದುರಿಗೆ ಕುಂತು ನನ್ನ ಮಾರಿ ನೋಡತಿದ್ರು. ನಿಮ್ಮಜ್ಜಿ ಹಂಗ ಕುಂದರತಿದ್ಲು. ಒಬ್ಬನ ಉಣ್ಣಾಕ ನನಗ ಬರೂದಿಲ್ಲವಾ."

ಬೈಯಲೆಂದೇ ಬಾಯಿ ತೆರೆದಿದ್ದೆ. ಬಂದದ್ದು ಅಳು. ಇಷ್ಟು ಸಣ್ಣ ಸಂಗತಿಗೆ ಡಾಕ್ಟರು, ಎಂಜಿನಿಯರು, ಇಡೀ ಸೊಸೈಟಿ ಬೇಕಾಯಿತಲ್ಲ ಎನಿಸಿತು.

ಮರುದಿನ ಬೆಳಿಗ್ಗೆ ತಟ್ಟೆ ಬಡಿಸಿ, ಮುಚ್ಚದೆ ಅವನ ಕೈಗೇ ಕೊಟ್ಟು, ಎದುರಿಗೆ ಕುಳಿತೆ. ಅಜ್ಜ ಸಾವಕಾಶವಾಗಿ ರೊಟ್ಟಿ ಮುರಿದ. ನನ್ನ ಲೋಕಲ್ ಹೋಯಿತು. ಅದರ ಬೆನ್ನಿಗೆ ಬಂದದ್ದೂ ಹೋಯಿತು.

"ಆಫೀಸಿಗೆ ಲೇಟಾಗೂದಿಲ್ಲೇನು?" ಎಂದ.

"ಆಗೇತಿ" ಎಂದೆ.

ಅವನು ಇನ್ನೊಂದು ರೊಟ್ಟಿ ಕೇಳಿದ.