ಅಜ್ಜಿಯ ಹೆಸರೂ ತೊಟ್ಟಿಲ ಕೊಂಡಿಯೂ

ಆ ಅಂತರವನ್ನು ನಾನು ಇನ್ನೂ ಅಳೆಯುತ್ತಲೇ ಇದ್ದೇನೆ. ಮರದ ತೊಟ್ಟಿಲು ಬಂದು ಬಿದ್ದ ಜಾಗಕ್ಕೂ ಮೂರು ತಿಂಗಳ ಮಗುವಿನ ತಲೆಗೂ ನಡುವೆ ಇದ್ದದ್ದು ಒಂದು ಗೇಣು. ಮಗು ನನ್ನ ಕೈಯಲ್ಲಿತ್ತು. ಆರು ತಿಂಗಳಾದ ಮೇಲೂ, ಕೆಂಗೇರಿಯಿಂದ ಮೆಟ್ರೊ ಹತ್ತಿ ಕೂತಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಪಾಠದ ನಡುವೆ ಬೋರ್ಡಿನ ಕಡೆ ತಿರುಗಿದಾಗ, ನನ್ನ ಎರಡು ಕೈಗಳೂ ತಾವಾಗಿ ಎದೆಗೆ ಬಂದುಬಿಡುತ್ತವೆ. ಅಲ್ಲಿ ಏನೂ ಇರುವುದಿಲ್ಲ. ಆದರೂ ಒತ್ತಿ ಹಿಡಿದುಕೊಳ್ಳುತ್ತೇನೆ.

ಅದು ನನ್ನ ತಮ್ಮನ ಮಗಳಿಗೆ ಹೆಸರಿಡುವ ದಿನ. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ತಂದೆಯ ಅಕ್ಕ ಅಥವಾ ತಂಗಿಯದು. ಹೇಳಿ ಮುಗಿಸಿದ ಕೂಡಲೇ ಸುತ್ತ ಕೂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ತಿನ್ನುವುದೂ ಹಕ್ಕಿನ ಭಾಗವೇ. ತಮ್ಮನಿಗೆ ನಾನೊಬ್ಬಳೇ ಅಕ್ಕ. ಹಕ್ಕೂ ನನ್ನದೇ, ಹೆಸರೂ ನನ್ನ ಹತ್ತಿರ ಸಿದ್ಧವಾಗಿತ್ತು: ನಮ್ಮ ಅಜ್ಜಿಯದು, ಅಪ್ಪನ ತಾಯಿಯದು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಈಗ ಅದು ಇನ್ನೊಬ್ಬಳ ಸ್ವತ್ತು. 'ಅವ್ವ' ಎಂದು ಕೊನೆಯಾಗುವ, ಈಗ ಹಳೆಯ ಪಹಣಿಗಳಲ್ಲೂ ಪಿಂಚಣಿ ಪುಸ್ತಕಗಳಲ್ಲೂ ಮಾತ್ರ ಉಳಿದಿರುವಂಥ ಹೆಸರು ಎಂದುಕೊಂಡರೆ ಸಾಕು.

ತಮ್ಮನ ಹೆಂಡತಿಯ ಫೋನಿನಲ್ಲಿ ಬೇರೆ ಪಟ್ಟಿಯೇ ಇತ್ತು. ಬ್ಯಾಡರಹಳ್ಳಿಯ ಅವರ ಫ್ಲ್ಯಾಟಿನಲ್ಲಿ, ಮಗುವನ್ನು ಭುಜದ ಮೇಲೆ ಹಾಕಿಕೊಂಡು ತೇಗಿಸುತ್ತಾ, ಒಂದೊಂದನ್ನೇ ಓದಿ ನನ್ನ ಮುಖ ನೋಡುತ್ತಿದ್ದಳು. ಎಲ್ಲವೂ ಎರಡೇ ಅಕ್ಷರದವು.

"ಇವೆಲ್ಲ ಸೋಪಿನ ಹೆಸರಿದ್ದಂಗಿವೆ ಕಣೇ" ಅಂದೆ.

"ನೀವು ಹೇಳೋದು ಅಕ್ಕಿ ಮೂಟೆ ಮೇಲಿರೋ ಹೆಸರು ಅತ್ತಿಗೆ" ಅಂದಳು ನಗುತ್ತಾ. ಆಮೇಲೆ ನಗು ನಿಲ್ಲಿಸಿದಳು. "ಸ್ಕೂಲಲ್ಲಿ ಇವಳನ್ನ ಎಷ್ಟು ಆಡ್ಕೋತಾರೆ ಗೊತ್ತಾ? ನನ್ನ ಹೆಸರಿಗೇ ಆಡ್ಕೊಂಡಿದಾರೆ."

ನಾನು ಬಿಡಲಿಲ್ಲ. ಈಗ ಹಳೆಯ ಹೆಸರೇ ಫ್ಯಾಷನ್ನು, ನಮ್ಮ ಕಾಲೇಜಿನಲ್ಲಿ ಇಬ್ಬರು ಲೆಕ್ಚರರ್‌ಗಳು ಮಕ್ಕಳಿಗೆ ಮುತ್ತಜ್ಜಿಯರ ಹೆಸರಿಟ್ಟಿದ್ದಾರೆ ಅಂದೆ. ಇಟ್ಟಿದ್ದವರು ಒಬ್ಬರೇ. ತಮ್ಮ ಇಬ್ಬರ ನಡುವೆ ಸಿಕ್ಕಿಕೊಂಡು ಟಿವಿಯ ಕಡೆ ನೋಡುತ್ತಿದ್ದ. ಅಜ್ಜಿ ನನ್ನನ್ನು ಸಾಕಿದವಳು. ಸತ್ತ ಮೇಲೆ ಅವಳ ಹೆಸರನ್ನು ಅಪ್ಪನ ಮನೆಯಲ್ಲಿ ಯಾರೂ ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಮತ್ತೆ ಕೇಳಬೇಕಿತ್ತು, ಅಷ್ಟೇ. ಕೊನೆಗೆ ತಮ್ಮನ ಹೆಂಡತಿ "ಆಯ್ತು ಬಿಡಿ" ಅಂದಳು. ಒಪ್ಪಿಗೆಯಾಗಿರಲಿಲ್ಲ ಅದು. ದಣಿವಾಗಿತ್ತು.

ಹೆಸರು ಗೆದ್ದ ಮೇಲೆ ಉಳಿದದ್ದನ್ನೂ ಹಳೆಯದೇ ಮಾಡಬೇಕೆನಿಸಿತು. ಶಾಮಿಯಾನದ ಅಂಗಡಿಯಿಂದ ಸ್ಟ್ಯಾಂಡಿರುವ ತೊಟ್ಟಿಲು ಬಾಡಿಗೆಗೆ ತರುವುದೆಂದು ಅವಳು ಗೊತ್ತು ಮಾಡಿದ್ದಳು. ಬಲೂನು, ಪ್ಲಾಸ್ಟಿಕ್ ಹೂವು ಎಲ್ಲ ಅವರೇ ಕಟ್ಟಿಕೊಡುತ್ತಾರೆ. ಬೇಡವೇ ಬೇಡ ಅಂದೆ. ಬಸವೇಶ್ವರನಗರದ ಅಪ್ಪನ ಮನೆಯ ಅಟ್ಟದಲ್ಲಿ ನಮ್ಮನ್ನೆಲ್ಲ ತೂಗಿದ ಮರದ ತೊಟ್ಟಿಲಿತ್ತು, ಕಬ್ಬಿಣದ ಸರಪಳಿಗಳ ಸಮೇತ. ಅದನ್ನು ಇಳಿಸಿ, ತೊಳೆದು, ಎಣ್ಣೆ ಒರೆಸಿದೆ.

ಆ ಮನೆಯ ನಡುಮನೆಯಲ್ಲಿ, ತಾರಸಿ ಹಾಕಿದಾಗಲೇ ಕಾಂಕ್ರೀಟಿನೊಳಗೆ ಹೂತ ಕಬ್ಬಿಣದ ಕೊಂಡಿಯೊಂದಿತ್ತು. ಅದಕ್ಕೆ ಹಗ್ಗ ಕಟ್ಟಿ ನಾವು ಜೋತುಬಿದ್ದು ಆಡಿದ್ದೆವು. ಎರಡು ವರ್ಷದ ಹಿಂದೆ ಅಪ್ಪ ಮನೆ ರಿಪೇರಿ ಮಾಡಿಸಿ ನಡುಮನೆಗೆ ಫಾಲ್ಸ್ ಸೀಲಿಂಗ್ ಹಾಕಿಸಿದ್ದರು. ಆಗ ನಾವಿಬ್ಬರೂ ಅಲ್ಲಿರಲಿಲ್ಲ. ಹೆಸರಿಡುವ ದಿನ ಬೆಳಿಗ್ಗೆ ತಮ್ಮ ಸ್ಟೂಲಿನ ಮೇಲೆ ನಿಂತು, ಬಿಳಿಯ ಸೀಲಿಂಗಿನ ನಡುಮಧ್ಯದಲ್ಲಿದ್ದ ಕೊಂಡಿಯನ್ನು ಬೆರಳಿನಿಂದ ಮುಟ್ಟಿದ.

"ಅಕ್ಕ, ಇದು ಅದೇನಾ? ಸಣ್ಣಗೆ ಕಾಣುತ್ತಲ್ಲ."

"ನೀನು ದೊಡ್ಡೋನಾಗಿದೀಯ. ಅದಕ್ಕೇ ಸಣ್ಣಗೆ ಕಾಣುತ್ತೆ" ಅಂದೆ.

"ಅಪ್ಪ ಬಂದ್ಮೇಲೆ ಕೇಳೋಣ್ವಾ?"

"ನಾನು ಜೋತುಬಿದ್ದ ಕೊಂಡಿ ಕಣೋ. ನಂಗೊತ್ತಿಲ್ವಾ?"

ಈ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳಿಸಿಕೊಳ್ಳುತ್ತೇನೋ ಲೆಕ್ಕವಿಲ್ಲ. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವಳು. ಕೊಂಡಿಗೆ ತೂಕದ ಬಟ್ಟುಗಳನ್ನು ಒಂದೊಂದಾಗಿ ತೂಗುಹಾಕಿ, ಸ್ಪ್ರಿಂಗು ಎಷ್ಟು ಹಿಗ್ಗಿತೆಂದು ಬರೆದುಕೊಳ್ಳಿ ಅನ್ನುವವಳು. ಅಂದು ಸರಪಳಿ ಹಿಡಿದು ಎರಡು ಸಲ ಜಗ್ಗಿ "ಗಟ್ಟಿ ಇದೆ" ಅಂದೆ. ಅದೇ ನನ್ನ ಪರೀಕ್ಷೆ.

ಅಪ್ಪ ಆ ಹೊತ್ತಿಗೆ ವಿಜಯನಗರದ ಮೆಟ್ರೊ ಸ್ಟೇಷನ್ನಿಗೆ ಹೋಗಿದ್ದರು, ದಾವಣಗೆರೆಯಿಂದ ಬರುತ್ತಿದ್ದ ನಮ್ಮ ಅತ್ತೆಯನ್ನು ಕರೆತರಲು. ಅತ್ತೆ ಅಪ್ಪನ ಅಕ್ಕ, ಆ ಹೆಸರಿನ ಅಜ್ಜಿಯ ದೊಡ್ಡ ಮಗಳು. ಅವರ ರೈಲು ತಡವಾಗಿತ್ತು. ಹನ್ನೆರಡರ ಮೇಲೆ ಒಳ್ಳೆಯ ಗಳಿಗೆ ಇಲ್ಲವೆಂದು ಸ್ವಾಮಿಗಳು ಹೇಳಿದ್ದರಿಂದ, ಅತ್ತೆಗೆ ಕಾಯದೆ ಶುರು ಮಾಡಿದೆವು.

ನಮ್ಮಲ್ಲಿ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲ. ಒರಳಿನ ಗುಂಡುಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಕುಲಾವಿ ತೊಡಿಸಿ, ಗುಂಡಪ್ಪ ಎಂದು ಕರೆದು, ಅದನ್ನು ಮಲಗಿಸಿ ತೂಗುತ್ತೇವೆ. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಗುಂಡಪ್ಪ ಒಳಗೆ ಮಲಗಿರುವಾಗಲೇ ಎರಡೂ ಬದಿಗೆ ಹೆಂಗಸರು ಕೂತು, ಮಗುವನ್ನು ತೊಟ್ಟಿಲ ಕೆಳಗಿನಿಂದ ಆ ಕಡೆಗೆ ಕೊಟ್ಟು, ಮೇಲಿನಿಂದ ಈ ಕಡೆಗೆ ತೆಗೆದುಕೊಳ್ಳುತ್ತಾರೆ. ಹೀಗೆ ಐದು ಸುತ್ತು. ಆಮೇಲೆ ಕಲ್ಲನ್ನು ತೆಗೆದು ಮಗುವನ್ನು ಮಲಗಿಸಿ ಹೆಸರು ಹೇಳುವುದು. ಈಗೀಗ ಬಹಳ ಮನೆಗಳಲ್ಲಿ ಬೆಳ್ಳುಳ್ಳಿ ಜಜ್ಜುವ ಪುಟ್ಟ ಕಲ್ಲನ್ನೇ ಇಟ್ಟು ಮುಗಿಸುತ್ತಾರೆ. ನಾನು ಹಿತ್ತಲಿನಲ್ಲಿದ್ದ ಅಜ್ಜಿಯ ಗುಂಡನ್ನೇ ತರಿಸಿದ್ದೆ. ಮಗುವಿಗಿಂತ ಅದೇ ಭಾರ.

ಈ ಬದಿಗೆ ನಾನು, ಆ ಬದಿಗೆ ತಮ್ಮನ ಅತ್ತೆ, ಅಂದರೆ ಮಗುವಿನ ತಾಯಿಯ ತಾಯಿ. ತೊಟ್ಟಿಲು ನೆಲದಿಂದ ಒಂದು ಮೊಳ ಮೇಲಿತ್ತು. "ಕೂಸು ತಗೊಳ್ಳಿ" ಎಂದು ನಾನು ಕೆಳಗಿನಿಂದ ಚಾಚುವುದು, "ಕೂಸು ಕೊಟ್ಟೆ" ಎಂದು ಅವರು ಮೇಲಿನಿಂದ ಹಿಂತಿರುಗಿಸುವುದು. ನಾಲ್ಕು ಸುತ್ತಾಯಿತು. ಮಗು ನಿದ್ದೆಯಲ್ಲಿತ್ತು. ನಾಲ್ಕು ಸಲವೂ ಆ ತಲೆ, ಆ ಕಲ್ಲಿನ ಕೆಳಗೆ ಹಾದುಹೋಯಿತು. ಇದನ್ನು ಬರೆಯುವಾಗಲೂ ನಿಲ್ಲಿಸಿ ನೀರು ಕುಡಿಯಬೇಕಾಯಿತು.

ಐದನೆಯ ಸಲ ಕೈ ಚಾಚಿದ್ದೆ. ಪಕ್ಕದಲ್ಲಿ ಕೂತಿದ್ದ ತಮ್ಮನ ಹೆಂಡತಿ ನನ್ನ ಮೊಣಕೈ ಹಿಡಿದಳು.

"ಅತ್ತಿಗೆ, ಒಂದ್ನಿಮಿಷ. ಹೆಸರು ನಿಮ್ದೇ ಇರ್ಲಿ. ಕೊನೇ 'ಅವ್ವ' ಒಂದು ಬಿಟ್ಬಿಡಿ. ಕೈ ಮುಗೀತೀನಿ."

ಇಷ್ಟು ಜನರ ಮುಂದೆ, ಈ ಹೊತ್ತಿನಲ್ಲಿ ಕೇಳುತ್ತಾಳಲ್ಲ ಎಂದು ನನಗೆ ಸಿಟ್ಟು ಬಂತು. ಅವಳ ಕಡೆ ತಿರುಗಿ ಸರಿಯಾಗಿ ಉತ್ತರ ಕೊಡಬೇಕೆಂದೇ ಕೈಗಳನ್ನು ಹಿಂದಕ್ಕೆಳೆದು ಮಗುವನ್ನು ಎದೆಗೊರಗಿಸಿಕೊಂಡೆ. "ಅವ್ವ ಬಿಟ್ರೆ ಅದು ನಮ್ಮಜ್ಜಿ ಹೆಸರೇ ಅಲ್ಲ ಕಣೇ" ಅನ್ನುವ ಮಾತು ಬಾಯಲ್ಲಿತ್ತು. ಅರ್ಧ ಆಡಿದ್ದೆ.

ಮೇಲೆ ಹಪ್ಪಳ ಮುರಿದಂಥ ಸಣ್ಣ ಸದ್ದು. ಆಮೇಲಿನ ಸದ್ದನ್ನು ನಾನು ಕಿವಿಯಿಂದ ಕೇಳಲಿಲ್ಲ, ಕೂತ ನೆಲ ತೊಡೆಗೆ ಹೇಳಿತು. ತೊಟ್ಟಿಲು ಇದ್ದಲ್ಲಿಯೇ ನೆಟ್ಟಗೆ ಕೂತುಬಿಟ್ಟಿತ್ತು. ಸರಪಳಿಗಳು ಅದರ ಮೇಲೆ ಸುರಿದುಕೊಂಡಿದ್ದವು. ಗುಂಡಪ್ಪ ತಳದ ಹಲಗೆಯನ್ನು ಒಡೆದುಕೊಂಡು ಹೋಗಿ, ಕುಲಾವಿ ಸಮೇತ, ಟೈಲ್ಸಿನಲ್ಲಿ ಗುಳಿ ಮಾಡಿತ್ತು. ಬಿಳಿಯ ಪುಡಿ ನಮ್ಮೆಲ್ಲರ ತಲೆಯ ಮೇಲೆ ಇಳಿಯುತ್ತಿತ್ತು. ತಮ್ಮನ ಅತ್ತೆ ಆ ಬದಿಯಲ್ಲಿ ಮಗುವನ್ನು ತೆಗೆದುಕೊಳ್ಳಲು ಚಾಚಿದ್ದ ಕೈಗಳನ್ನು ಹಾಗೆಯೇ ಹಿಡಿದಿದ್ದರು, ಖಾಲಿ.

ಮಗು ಎಚ್ಚರಗೊಂಡು ಒಂದು ಸಲ ಸೀನಿತು.

ತಾಯಿ ಅದನ್ನು ನನ್ನಿಂದ ತೆಗೆದುಕೊಳ್ಳಲು ನೋಡಿದಳು. ನನ್ನ ಬೆರಳುಗಳು ಬಿಡಲಿಲ್ಲ. ಅವಳು ಒಂದೊಂದಾಗಿ ಬಿಡಿಸಿದಳು. ಮಗುವಿನ ಬಟ್ಟೆ ಬಿಚ್ಚಿ, ತಲೆ, ಕುತ್ತಿಗೆ, ಕಾಲಿನ ಬೆರಳು ಎಲ್ಲವನ್ನೂ ನೋಡಿದಳು. ಏನೂ ಆಗಿರಲಿಲ್ಲ. ಮತ್ತೆ ಮೊದಲಿನಿಂದ ನೋಡಿದಳು.

ಅಷ್ಟರಲ್ಲಿ ಅಪ್ಪ ಅತ್ತೆಯ ಚೀಲ ಹಿಡಿದು ಬಾಗಿಲಿಗೆ ಬಂದರು. ನೆಲವನ್ನು ನೋಡಿದರು, ಸೀಲಿಂಗಿನ ತೂತು ನೋಡಿದರು.

"ಅದಕ್ಯಾಕ್ರೋ ಹಾಕಿದ್ರಿ? ಅದು ಲೈಟ್ ತೂಗಾಕೋಕೆ ಹಾಕಿಸಿದ್ದ ಕೊಂಡಿ. ತಗಡಿನ ಪಟ್ಟಿಗೆ ಎರಡು ಸ್ಕ್ರೂ ಅಷ್ಟೇ. ಹಳೇದು ಅದರ ಮೇಲಿದೆ, ತಾರಸೀಲಿ."

ತಮ್ಮ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲವೆಂದು ಗೊತ್ತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಹಳೆಯ ಕೊಂಡಿಯನ್ನು ಬಲ್ಲವಳು ನಾನು ಎಂದು ತಮ್ಮನಿಗೆ ಹೇಳಿದವಳಿಗೆ, ಅದು ಎಲ್ಲಿದೆಯೆಂದೇ ತಿಳಿದಿರಲಿಲ್ಲ.

ಮೊದಲು ಮಾತಾಡಿದವರು ತಮ್ಮನ ಅತ್ತೆ. "ಆ ಹೆಸರು ಬೇಡ. ಕೂಗೋಕ್ ಮುಂಚೇನೇ ಹಿಂಗಾಯ್ತು. ಆ ಹೆಸರಿಗೆ ಈ ಮಗು ಒಗ್ಗಲ್ಲ."

"ಬೇಡ" ಅಂದೆ ನಾನೂ, ಅವರು ಮುಗಿಸುವ ಮೊದಲೇ. ಬ್ಯಾಡರಹಳ್ಳಿಯಲ್ಲಿ ಅಷ್ಟು ಹೊತ್ತು ವಾದಿಸಿ ಪಡೆದದ್ದನ್ನು ಕೊಟ್ಟುಬಿಡಲು ಒಂದು ಉಸಿರೂ ಹಿಡಿಯಲಿಲ್ಲ. "ನಿನ್ನ ಲಿಸ್ಟಲ್ಲಿರೋದೇ ಇಡು. ಯಾವುದಾದ್ರೂ. ನೀನೇ ಹೇಳು ಕಿವೀಲಿ."

ತಮ್ಮನ ಹೆಂಡತಿ ಮಗುವಿಗೆ ಅಂಗಿ ತೊಡಿಸುತ್ತಿದ್ದಳು.

"ಹೆಸರೇನಮ್ಮ ಮಾಡ್ತು? ಬಿದ್ದಿದ್ದು ಸ್ಕ್ರೂ" ಎಂದು ತಾಯಿಗೆ ಹೇಳಿದಳು. ಆಮೇಲೆ ನನಗೆ: "ಆ ಹೆಸರಿಗೋಸ್ಕರ ತಾನೇ ನಾನು ನಿಮ್ಮ ಕೈ ಹಿಡಿದಿದ್ದು. ಲಿಸ್ಟಲ್ಲಿರೋದು ಯಾವುದಾದ್ರೂ ಆಗಿದ್ರೆ ಹಿಡೀತಿದ್ನಾ?"

ಅವಳು ಕೈ ಹಿಡಿದದ್ದು ಆ ಹೆಸರು ಬೇಡವೆಂದು. ನಾನು ಕೈ ಹಿಂದೆಗೆದುಕೊಂಡದ್ದು ಅವಳೊಡನೆ ಜಗಳವಾಡಲೆಂದು. ಮಗುವನ್ನು ಉಳಿಸಿದ್ದರಲ್ಲಿ ಒಳ್ಳೆಯತನ ಯಾರದೂ ಇರಲಿಲ್ಲ. ಆ ಯೋಚನೆ ಆಗ ಬಂದದ್ದಲ್ಲ, ವಾರಗಳ ಮೇಲೆ ಬಂತು. ಆಗ ನಾನು ಸುಮ್ಮನೆ ತಲೆಯ ಪುಡಿ ಕೊಡವಿಕೊಳ್ಳುತ್ತಿದ್ದೆ.

ದಾವಣಗೆರೆಯ ಅತ್ತೆ ಕಾಲು ತೊಳೆದು ಬಂದು ನನ್ನ ಹಿಂದೆ ಕೂತರು. "ಹೇಳವ್ವ, ಹನ್ನೆರಡಾಗ್ತೈತಿ" ಅಂದರು. "ಅವ್ವ ಬಿಟ್ಟೇ ಹೇಳು. ನಮ್ಮವ್ವ ಸಣ್ಣಾಕಿ ಇದ್ದಾಗ ಅವರ ಮನ್ಯಾಗ ಹಂಗೇ ಕರೀತಿದ್ರಂತೆ. ಅಷ್ಟು ಸಣ್ಣ ಕೂಸಿಗೆ ಅಷ್ಟುದ್ದ ಹೆಸರು ಯಾರು ಕೂಗ್ತಾರೆ?"

ತೊಟ್ಟಿಲಿಲ್ಲ. ಮಗು ತಾಯಿಯ ಮಡಿಲಲ್ಲಿಯೇ ಇತ್ತು. ನಾನು ಬಗ್ಗಿ ಅದರ ಕಿವಿಗೆ ಬಾಯಿಟ್ಟೆ. ಧ್ವನಿ ಹೊರಡಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ, 'ಅವ್ವ' ಬಿಟ್ಟ ಹೆಸರು ಬರೀ ಗಾಳಿಯಂತೆ ಹೊರಟಿತು. ಅತ್ತೆ ಪದ್ಧತಿಯಂತೆ ಬೆನ್ನಿಗೆ ಗುದ್ದಿದರು, ಮೆಲ್ಲಗೆ. ಆ ಮೆಲ್ಲನೆಯ ಗುದ್ದಿಗೇ ನಾನು ಮುಂದಕ್ಕೆ ವಾಲಿ ನೆಲಕ್ಕೆ ಕೈಯೂರಿದೆ. ಉಳಿದ ಹೆಂಗಸರು ಎತ್ತಿದ ಕೈ ಇಳಿಸಿಬಿಟ್ಟರು.

ಈಗ ಅವಳಿಗೆ ಒಂಬತ್ತು ತಿಂಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಆ ಹೆಸರಿನಿಂದಲೇ ಕರೆಯುತ್ತಾರೆ, ಬೇಡವೆಂದಿದ್ದ ಅವಳ ತಾಯಿಯ ತಾಯಿಯೂ. ಕರೆಯದವಳು ನಾನೊಬ್ಬಳೇ. ಪುಟ್ಟಿ, ಬಂಗಾರಿ ಎಂದು ಏನೇನೋ ಅಂದು ತಪ್ಪಿಸಿಕೊಳ್ಳುತ್ತೇನೆ. ಆ ಹೆಸರು ಬಾಯಿಗೆ ಬಂದರೆ ಹಿಂದೆಯೇ ಹಪ್ಪಳ ಮುರಿದ ಸದ್ದು ಬರುತ್ತದೆ.

ಹೋದ ಭಾನುವಾರ ಅಪ್ಪನ ಮನೆಗೆ ಹೋಗಿದ್ದೆ, ತಮ್ಮನ ಮನೆಯವರೂ ಬಂದಿದ್ದರು. ಸೀಲಿಂಗಿನ ತೂತು ಮುಚ್ಚಿ ಬಣ್ಣ ಬಳಿದಿದ್ದಾರೆ, ಎಲ್ಲಿತ್ತೆಂದು ತಿಳಿಯುವುದಿಲ್ಲ. ಟೈಲ್ಸಿನ ಗುಳಿ ಮಾತ್ರ ಹಾಗೇ ಇದೆ. ಅವಳು ಅಂಬೆಗಾಲಿಡುತ್ತಾ ಹೋಗಿ ಸರಿಯಾಗಿ ಅಲ್ಲಿಯೇ ಕೂತಳು. ಗುಳಿಯೊಳಗೆ ಬೆರಳಿಟ್ಟು ನೋಡತೊಡಗಿದಳು. ಮೇಲೆ ಏನೂ ಇಲ್ಲವೆಂದು ನನಗೆ ಗೊತ್ತು. ಆದರೂ ಮೇಲೆ ನೋಡಿದೆ. ಕೂತಲ್ಲಿಂದಲೇ ಎರಡು ಕೈಗಳನ್ನೂ ಚಾಚಿದೆ.

"ಪುಟ್ಟೀ" ಅಂದೆ. ಅದು ತನ್ನ ಹೆಸರೆಂದು ಅವಳಿಗೆ ಗೊತ್ತಿಲ್ಲ. ತಿರುಗಲಿಲ್ಲ.

ಆಗ ಅವಳ ಹೆಸರು ಹಿಡಿದು ಕರೆದೆ. ಜೋರಾಗಿಯೇ ಕರೆದೆನಂತೆ, ಅಡುಗೆಮನೆಯಿಂದ ಅವಳ ತಾಯಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಮಗು ಗುಳಿಯಿಂದ ಬೆರಳು ತೆಗೆದು, ಯಾರು ಕರೆದದ್ದೆಂದು ಒಂದು ಕ್ಷಣ ನನ್ನನ್ನೇ ನೋಡಿ, ಆ ಜಾಗ ಬಿಟ್ಟು ನನ್ನ ಕಡೆ ಹೊರಟಿತು. ತಲುಪುವವರೆಗೂ ನಾನು ಕರೆಯುತ್ತಲೇ ಇದ್ದೆ.