‘ಬರ್ಪೆ’ ಎಂದು ಬರೆದ ಚೀಟಿ

ಬಂಟ್ವಾಳದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಹತ್ತಿರದ ಒಂದು ಜಗಲಿಯಲ್ಲಿ ಕೂತು ನಾನು ಬಹಳ ವರ್ಷ ದಸ್ತಾವೇಜು ಬರೆದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಮುಂದೆ ಕಲಿಯಲಿಕ್ಕೆ ಹೋಗದವನಿಗೆ ಅದು ಮರ್ಯಾದೆಯ ಕೆಲಸ. ನನ್ನ ಅಕ್ಷರ ಚೆನ್ನಾಗಿತ್ತು. ಕ್ರಯಪತ್ರ, ಪಾಲುಪಟ್ಟಿ, ವೀಲುನಾಮೆ ಎಲ್ಲ ಬರೆದೆ. ಎಪ್ಪತ್ತರ ದಶಕದ ನಡುವಿನಲ್ಲಿ ಗೇಣಿಯ ಭೂಮಿ ಒಕ್ಕಲಿಗೇ ಎಂಬ ಕಾನೂನು ಬಂದ ಮೇಲೆ ಕೆಲಸ ಮೂರು ಪಾಲು ಹೆಚ್ಚಿತು. ಡಿಕ್ಲರೇಶನ್ ಫಾರಂ ಹಿಡಿದುಕೊಂಡು ಜನ ನಾನು ಬರುವ ಮೊದಲೇ ಜಗಲಿಯಲ್ಲಿ ಕೂತಿರುತ್ತಿದ್ದರು.

ಇದರ ಎಡೆಯಲ್ಲಿ ನಾನು ತುಳು ನಾಟಕ ಬರೆಯುತ್ತಿದ್ದೆ. ಬರೆಯಲಿಕ್ಕೆಂದು ಬೇರೆ ಹೊತ್ತು ಇರಲಿಲ್ಲ. ಬಿ.ಸಿ.ರೋಡಿನಲ್ಲಿ ಬಸ್ಸು ಕಾಯುವಾಗ, ಒಬ್ಬ ಕಕ್ಷಿ ಎದ್ದು ಇನ್ನೊಬ್ಬ ಕೂರುವ ನಡುವೆ, ಮದುವೆ ಮನೆಯಲ್ಲಿ ಪಂಕ್ತಿ ಏಳುವವರೆಗೆ ಬರೆಯುತ್ತಿದ್ದೆ. ಪಾಲುಪಟ್ಟಿಯ ಕರಡಿನ ಹಿಂಬದಿಯಲ್ಲಿ ಅತ್ತೆ ಸೊಸೆ ಜಗಳದ ಒಂದು ದೃಶ್ಯ ಇರುತ್ತಿತ್ತು. ಯುವಕಮಂಡಲದವರು ಅದನ್ನು ವರ್ಷಕ್ಕೊಮ್ಮೆ ಆಡುತ್ತಿದ್ದರು. ಆದಿತ್ಯವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಪ್ರಾಕ್ಟೀಸು.

ಮೂರನೆಯದು ನೆಂಟರಿಷ್ಟರು. ದಸ್ತಾವೇಜು ಬರೆಯುವವನಿಗೆ ಪರಿಚಯ ಹೆಚ್ಚು. ಬೇಸಗೆಯಲ್ಲಿ ಒಂದೇ ದಿನ ಮೂರು ಮದುವೆ ಬೀಳುತ್ತಿತ್ತು. ಒಂದರಲ್ಲಿ ಧಾರೆ ನೋಡಿ, ಒಂದರಲ್ಲಿ ಊಟ ಮಾಡಿ, ಮತ್ತೊಂದರಲ್ಲಿ ಮುಖ ತೋರಿಸಿ ಬರುತ್ತಿದ್ದೆ. ಅದಲ್ಲದೆ ಸೀಮಂತ, ಹೊಸಮನೆ, ಯಾರದೋ ಉತ್ತರಕ್ರಿಯೆ.

ನಮ್ಮಲ್ಲಿ ಕರೆಯಲು ಬಂದವರಿಗೆ ಬರಲಿಕ್ಕೆ ಆಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ‘ಬರ್ಪೆ’ ಎನ್ನುತ್ತೇವೆ, ಬರುತ್ತೇನೆ ಎಂದು. ಹೊರಡುವಾಗ ಹೇಳುವುದೂ ಅದನ್ನೇ. ಅದರಲ್ಲಿ ಎಷ್ಟು ನಿಜ ಎಂದು ಕರೆದವರಿಗೂ ಗೊತ್ತಿರುತ್ತದೆ. ನನ್ನ ಮೂರೂ ಬದುಕು ನಡೆಯುತ್ತಿದ್ದದ್ದು ಈ ಒಂದು ಮಾತಿನ ಮೇಲೆ. ಕಕ್ಷಿಗೆ ಬರ್ಪೆ, ಯುವಕಮಂಡಲಕ್ಕೆ ಬರ್ಪೆ, ಮದುಮಗಳ ಅಪ್ಪನಿಗೆ ಬರ್ಪೆ. ಎಲ್ಲವನ್ನೂ ಹೇಗೆ ನಿಭಾಯಿಸುತ್ತೀರಿ ಎಂದು ಜನ ಕೇಳುತ್ತಿದ್ದರು. ಹೆಂಡತಿ ಮಾತ್ರ ಒಮ್ಮೆ ಹೇಳಿದಳು, “ನಿಮಗೆ ದೇವರು ಒಂದು ನಾಲಿಗೆ ಕೊಟ್ಟದ್ದಕ್ಕೆ ನಾಲ್ಕು ಜೊತೆ ಕಾಲಾದರೂ ಕೊಡಬೇಕಿತ್ತು.” ನಾನು ನಕ್ಕೆ. ಅದನ್ನೂ ಒಂದು ನಾಟಕಕ್ಕೆ ಹಾಕಿದೆ.

ಮಡಂತ್ಯಾರಿನ ಹತ್ತಿರ, ನಾನು ಹುಟ್ಟಿದ ಊರಿನಲ್ಲಿ, ಒಬ್ಬ ವಿಧವೆ ಇದ್ದರು. ಗಂಡ ಮಾಡುತ್ತಿದ್ದ ಗೇಣಿಯ ಗದ್ದೆಯನ್ನು ಅವನು ಸತ್ತ ಮೇಲೆ ಅವರೇ ಮಾಡುತ್ತಿದ್ದರು. ಒಬ್ಬಳು ಮಗಳು, ಆಗ ಇಪ್ಪತ್ತರ ಆಸುಪಾಸು, ಬೀಡಿ ಕಟ್ಟುತ್ತಿದ್ದಳು. ನಾಲ್ಕನೇ ಕ್ಲಾಸಿನವರೆಗೆ ಕಲಿತಿದ್ದಳು. ಆ ಮನೆಯಲ್ಲಿ ಓದು ಬರುತ್ತಿದ್ದದ್ದು ಅವಳಿಗೆ ಮಾತ್ರ. ಅಂಗಡಿಯಲ್ಲಿ ಬೆಲ್ಲ ಕಟ್ಟಿ ಕೊಟ್ಟ ಪೇಪರನ್ನೂ ಬಿಡದೆ ಓದುವವಳು ಎಂದು ತಾಯಿ ಹೇಳಿಕೊಳ್ಳುತ್ತಿದ್ದರು.

ಅವರ ಡಿಕ್ಲರೇಶನ್ ಬರೆದದ್ದು ನಾನು. ಗೇಣಿಗೆ ರಶೀದಿ ಇರಲಿಲ್ಲ, ಧಣಿಗಳು ಕೊಡುತ್ತಿರಲಿಲ್ಲ. ಕೆಲಸ ಸಿಗುವ ಮೊದಲು ಎರಡು ವರ್ಷ ನಾನು ಆ ಧಣಿಯ ಮನೆಯಲ್ಲಿ ಲೆಕ್ಕ ಬರೆಯಲು ಕೂತಿದ್ದವನು. ಆ ವಿಧವೆಯ ಗಂಡ ಅಕ್ಕಿ ಮುಡಿ ಹೊತ್ತು ತಂದು ಹಾಕುತ್ತಿದ್ದದ್ದನ್ನು ಗೇಣಿಯೆಂದು ಕಣ್ಣಾರೆ ನೋಡಿದವನು. ಗೇಣಿಯ ಕೇಸು ತೀರ್ಮಾನಿಸುವ ಟ್ರಿಬ್ಯುನಲ್‌ನಲ್ಲಿ ನಾನು ಅಷ್ಟು ಹೇಳಿದರೆ ಸಾಕಿತ್ತು. ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಮನೆಯಲ್ಲಿ ಅಕ್ಕಿ ಅಳೆಯುತ್ತಿದ್ದ ಆಳೊಬ್ಬ ಸಿದ್ಧಕಟ್ಟೆಯಲ್ಲಿದ್ದ. ಅಗತ್ಯ ಬಿದ್ದರೆ ಅವನನ್ನೂ ಕರೆಯಬಹುದು ಎಂದು ತಾಯಿ ಮಗಳಿಗೆ ಮಾತಿಗೆ ಒಮ್ಮೆ ಹೇಳಿದ್ದೆ, ಅಷ್ಟೆ.

ವಿಚಾರಣೆ ಒಂದು ಶನಿವಾರ, ಬೆಳ್ತಂಗಡಿಯಲ್ಲಿ. ಅದೇ ಶನಿವಾರ ಸಂಜೆ ಮೂಡಬಿದಿರೆಯಲ್ಲಿ ನಾಟಕ ಸ್ಪರ್ಧೆ. ಬೆಳಿಗ್ಗೆ ಬೆಳ್ತಂಗಡಿ, ಮಧ್ಯಾಹ್ನ ಮೂಡಬಿದಿರೆ ಎಂದು ಲೆಕ್ಕ ಹಾಕಿದ್ದೆ. ಗುರುವಾರ ಆ ತಾಯಿ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದರು: ಶನಿವಾರ ಖಂಡಿತ ಬರುತ್ತೀರಲ್ಲ ಎಂದು. ನಾನು ಆಗ ನಾಟಕದ ಕೊನೆಯ ದೃಶ್ಯ ತಿದ್ದುತ್ತಿದ್ದೆ. ಎದುರಿಗೆ ನಾಲ್ಕು ಜನ ಕೂತಿದ್ದರು. ಕಾಗದದ ಅಂಚು ಹರಿದು ಎರಡು ಸಾಲು ಬರೆದು ಕೊಟ್ಟೆ: “ಶನಿವಾರ ಬರ್ಪೆ. ಪೋಡ್ಯೊಡ್ಚಿ.” ಬರುತ್ತೇನೆ, ಹೆದರಬೇಡಿ.

ನಮ್ಮ ಕಡೆ ಎಲ್ಲರೂ ಆಡುವುದು ತುಳು, ಕಾಗದ ಬರೆಯುವುದು ಕನ್ನಡದಲ್ಲಿ. ನಾನು ತುಳುವಿನಲ್ಲಿ ಬರೆದದ್ದು ಕೈಯಲ್ಲಿ ನಾಟಕ ಇದ್ದ ಕಾರಣ. ತುಳುವನ್ನು ಬರೆಯಬೇಕು ಎಂದು ಸಭೆಯಲ್ಲಿ ಭಾಷಣ ಮಾಡುತ್ತಿದ್ದ ಕಾರಣವೂ ಹೌದು.

ಶನಿವಾರ ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿಯ ಬಸ್ಸಿಗೆ ನಿಂತಿದ್ದೆ. ನಮ್ಮ ನಾಟಕದ ಮುಖ್ಯ ವೇಷದ ಮೇಸ್ಟ್ರು ಓಡಿಕೊಂಡು ಬಂದರು.

“ನೀವು ಇಲ್ಲಿದ್ದೀರಾ ಮಾರಾಯ್ರೆ! ಅತ್ತೆ ವೇಷದವನಿಗೆ ಸ್ವರ ಬಿದ್ದು ಹೋಗಿದೆ. ಕಪ್ಪೆ ಕೂಗಿದ ಹಾಗೆ ಆಗ್ತದೆ.”

“ಬೇರೆಯವರನ್ನು ಹಾಕಿ.”

“ಬೇರೆ ಯಾರು? ಅತ್ತೆಯ ಮಾತು ಅರ್ಧ ಕಡಿಮೆ ಮಾಡಿ ಸೊಸೆಗೆ ಕೊಡಬೇಕು. ಅದು ನಿಮ್ಮಿಂದಲೇ ಆಗಬೇಕಷ್ಟೆ. ಹೋಗುವ, ಬನ್ನಿ.”

“ನನಗೆ ಬೆಳ್ತಂಗಡಿಯಲ್ಲಿ ಒಂದು ಸಾಕ್ಷಿ ಉಂಟು.”

“ಟ್ರಿಬ್ಯುನಲ್ಲಾ? ಅದು ಇವತ್ತು ಆಗ್ತದಾ? ವಾಯಿದೆ ಕೊಡ್ತಾರೆ ನೋಡಿ. ಬೇಕಾದರೆ ಬರೆದು ಕೊಡ್ತೇನೆ.”

ವಾಯಿದೆಯ ಮಾತು ಸುಳ್ಳಲ್ಲ. ಹೆಚ್ಚಿನ ಕೇಸುಗಳು ಮೊದಲ ಸಲಕ್ಕೆ ಮುಂದೆ ಹೋಗುತ್ತಿದ್ದವು. ಬೆಳ್ತಂಗಡಿಯ ಬಸ್ಸು ಬಂದು ನಿಂತಿತು. ಅದರ ಹಿಂದೆಯೇ ಮೂಡಬಿದಿರೆಯ ಬಸ್ಸು. ನಾನು ಹಿಂದಿನದಕ್ಕೆ ಹತ್ತಿದೆ. ಮರೆತು ಹತ್ತಿದ್ದಲ್ಲ. ಸಿದ್ಧಕಟ್ಟೆ ದಾಟುವಾಗಲೇ ಅತ್ತೆಯ ಮಾತು ಕಡಿಮೆ ಮಾಡಲು ಶುರು ಮಾಡಿದ್ದೆ. ನಾಟಕ ಚೆನ್ನಾಗಿ ಆಯಿತು. ಸೊಸೆಯ ಮಾತಿಗೆ ಜನ ಬಹಳ ನಕ್ಕರು. ಮೂರನೆಯ ಬಹುಮಾನ ಬಂತು.

ಸೋಮವಾರ ಅವರು ಮೂವರು ನನ್ನ ಜಗಲಿಗೆ ಬಂದರು: ತಾಯಿ, ಮಗಳು, ಮಗಳ ಸೋದರಮಾವ. ಅಲ್ಲಿ ಕೆಲವು ಕಕ್ಷಿಗಳು ಕೂತಿದ್ದರು. ಮಾತೆಲ್ಲ ತುಳುವಿನಲ್ಲೇ ನಡೆಯಿತು, ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಸೋದರಮಾವ ಕೂರಲಿಲ್ಲ. “ಬರ್ತೇನೆ ಅಂತ ಚೀಟಿ ಕೊಟ್ಟವರು ನೀವು ಹೌದಾ ಅಲ್ಲವಾ? ಇವರಿಬ್ಬರು ಕಚೇರಿಯ ಗೇಟಿನಲ್ಲಿ ಬಂದ ಬಂದ ಬಸ್ಸಿನ ಬಾಗಿಲು ನೋಡ್ತಾ ನಿಂತಿದ್ದಾರೆ. ಮೂರು ಸಲ ಹೆಸರು ಕೂಗಿದರು. ಸಾಕ್ಷಿ ಎಲ್ಲಿ ಅಂತ ಕೇಳಿದ್ದಕ್ಕೆ ಬರ್ತಾರೆ, ಬರ್ತಾರೆ ಅಂದಿದ್ದಾಳೆ ಇವಳು. ಧಣಿಯ ಕಡೆಯವನು ನಕ್ಕನಂತೆ. ಕೇಸು ಹೋಯ್ತು.”

ಅವನು ಚೀಟಿಯನ್ನು ನನ್ನ ಡೆಸ್ಕಿನ ಮೇಲೆ ಇಟ್ಟ. ಕಕ್ಷಿಗಳು ನನ್ನ ಮುಖ ನೋಡುತ್ತಿದ್ದರು. ನಾನು ಚೀಟಿ ನೋಡಿದೆ. ಆಗ ನನಗೆ ಒಂದು ದಾರಿ ಕಂಡಿತು.

ತುಳುವಿನಲ್ಲಿ ‘ಬರುತ್ತೇನೆ’ ಎಂಬುದಕ್ಕೂ ‘ಅವನು ಬರುತ್ತಾನೆ’ ಎಂಬುದಕ್ಕೂ ಕೊನೆಯ ಸ್ವರದಲ್ಲಿ ಮಾತ್ರ ವ್ಯತ್ಯಾಸ. ‘ನಾನು ಬರುತ್ತೇನೆ’ ಎನ್ನುವಾಗ ಕೊನೆಗೆ ಬಾಯಿ ಸ್ವಲ್ಪ ಅಗಲ ತೆರೆಯಬೇಕು. ಬಾಯಲ್ಲಿ ಹೇಳಿದರೆ ಸಣ್ಣ ಮಗುವಿಗೂ ಗೊತ್ತಾಗುತ್ತದೆ. ಕನ್ನಡ ಲಿಪಿಯಲ್ಲಿ ಆ ಎರಡು ಸ್ವರಕ್ಕೆ ಇರುವುದು ಒಂದೇ ಗುರುತು. ಎರಡನ್ನೂ ‘ಬರ್ಪೆ’ ಎಂದೇ ಬರೆಯಬೇಕು. ನಾಟಕ ಬರೆಯುವವನಿಗೆ ಇದು ನಿತ್ಯದ ತೊಂದರೆ.

“ಇದನ್ನು ಓದಿದ್ದು ಯಾರು?” ಎಂದು ಕೇಳಿದೆ.

“ನಾನು, ಅಣ್ಣೇರೆ,” ಎಂದಳು ಮಗಳು. ನನ್ನನ್ನು ಅವಳು ಅಣ್ಣ ಎಂದೇ ಕರೆಯುವುದು.

“ಏನಂತ ಓದಿದೆ?”

“ನೀವು ಬರ್ತೀರಿ ಅಂತ.”

“ನಾನು ಬರೆದದ್ದು ಬರ್ತಾನೆ ಅಂತ. ಕರೆದರೆ ಸಿದ್ಧಕಟ್ಟೆಯ ಅಳತೆಯವನು ಬರ್ತಾನೆ ಅಂತ. ಅವನ ವಿಷಯ ನಿಮಗೆ ಹೇಳಿರಲಿಲ್ಲವಾ? ನೀವು ಹೋಗಿ ಕರ್ಕೊಂಡು ಬರಬೇಕಿತ್ತು.”

ಅವಳು ತುಟಿಯಲ್ಲೇ ಆ ಮಾತನ್ನು ಎರಡು ರೀತಿ ಹೇಳಿ ನೋಡಿಕೊಂಡದ್ದು ನನಗೆ ಕಂಡಿತು.

ಕೂತಿದ್ದ ಕಕ್ಷಿಯೊಬ್ಬ ನಕ್ಕ. “ತುಳುವಿನಲ್ಲಿ ಬರೆದರೆ ಹೀಗೆಯೇ ಮಾರಾಯ್ರೆ. ಬರುವವನು ನಾನಾ ಅವನಾ ಅಂತ ದೇವರನ್ನೇ ಕೇಳಬೇಕು. ಅದರ ಮೇಲೆ ನಾಲ್ಕನೇ ಕ್ಲಾಸಿನವರ ಓದು.”

ಸೋದರಮಾವ ಅವಳ ಕಡೆ ತಿರುಗಿದ. “ಕೇಳಿತಾ? ಓದ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರ್ತದೆ ಅಂತ ಕುಣೀತಿದ್ದೆಯಲ್ಲ. ಈಗ ಓದು, ಗದ್ದೆ ಇಲ್ಲದೆ.”

ತಾಯಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ ನಾನು ಇಂದಿಗೂ ಹೇಳಲಾರೆ. ಮಗಳು ಮೆಲ್ಲಗೆ “ಇನ್ನೊಬ್ಬರಿಗೆ ತೋರಿಸಬೇಕಿತ್ತು” ಎಂದಳು. ನಾನು ಎಲ್ಲರಿಗೂ ಚಾ ತರಿಸಿದೆ. ಅವರು ಕುಡಿದರು. ನನಗೆ ಆಗ ಏನೂ ಅನಿಸಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಒತ್ತಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಅಳತೆಯವನನ್ನು ಯಾರೋ ಕೇಳಿದರಂತೆ. “ಕರೆದಿದ್ದರೆ ಹೋಗ್ತಿದ್ದೆ, ಯಾರೂ ಕರೀಲಿಲ್ಲ” ಎಂದನಂತೆ. ನನ್ನ ಮಾತು ಅದರಿಂದ ಇನ್ನಷ್ಟು ಗಟ್ಟಿಯಾಯಿತು.

ಕೇಸನ್ನು ಮತ್ತೆ ತೆಗೆದುಕೊಳ್ಳಬೇಕೆಂದು ಒಂದು ಅರ್ಜಿ ಬರೆದು ಕೊಟ್ಟೆ. ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ: ಅರ್ಜಿದಾರಳ ಮಗಳು ಚೀಟಿಯನ್ನು ತಪ್ಪಾಗಿ ಓದಿದ ಕಾರಣ ಸಾಕ್ಷಿಯನ್ನು ಹಾಜರುಪಡಿಸಲು ಸಾಧ್ಯವಾಗಿರುವುದಿಲ್ಲ. ತಾಯಿ ಹೆಬ್ಬೆಟ್ಟು ಒತ್ತಿದರು. ಮಗಳು ಕೆಳಗೆ ಸಹಿ ಹಾಕಿದಳು. ಒಂದೊಂದೇ ಅಕ್ಷರ ಬಿಡಿಸಿ, ಒತ್ತಿ ಹಾಕಿದಳು. ಸಹಿ ಹಾಕುವ ಮೊದಲು ಓದಿ ನೋಡು ಎಂದೆ, ಕಕ್ಷಿಗಳಿಗೆಲ್ಲ ಹೇಳುವ ಹಾಗೆ. ಬೇಡ, ನೀವು ಬರೆದದ್ದಲ್ಲವಾ ಎಂದಳು. ಅರ್ಜಿ ತಿರಸ್ಕಾರವಾಯಿತು. ಹೈಕೋರ್ಟಿಗೆ ಹೋಗುವ ಬಲ ಅವರಿಗೆ ಇರಲಿಲ್ಲ. ಮುಂದಿನ ಬೇಸಾಯಕ್ಕೆ ಮೊದಲೇ ಗದ್ದೆ ಬಿಟ್ಟು, ಮೂಡಬಿದಿರೆಯ ಹತ್ತಿರ ಸಂಬಂಧಿಕರೊಬ್ಬರ ಜಾಗದಲ್ಲಿ ಮನೆ ಕಟ್ಟಿಕೊಂಡರು.

ಅದರ ನಂತರ ನಾನು ನಾಟಕ ಬರೆಯುವುದನ್ನು ಬಿಟ್ಟೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಬಿಡಲಿಲ್ಲ. ಇನ್ನೂ ಆರೇಳು ಬರೆದೆ. ಶಾಲು ಹೊದೆಸಿದರು. ವೀಡಿಯೊ ಬಂದು ಯುವಕಮಂಡಲದಲ್ಲಿ ಜನ ಇಲ್ಲದ ಮೇಲೆ ತಾನಾಗಿ ನಿಂತಿತು. ಕೆಲಸ ನಡೆಯಿತು, ಮದುವೆಗಳೂ ನಡೆದವು. ಆ ವಿಷಯವನ್ನು ನಾನು ಹೆಂಡತಿಗೆ ಹೇಳಲಿಲ್ಲ. ಕೆಲವು ವರ್ಷಗಳಾದ ಮೇಲೆ ನನಗೇ ಸಂಶಯ ಬರುತ್ತಿತ್ತು, ನಿಜವಾಗಿಯೂ ಅಳತೆಯವನನ್ನೇ ಎಣಿಸಿ ಬರೆದಿದ್ದೆನೋ ಏನೋ ಎಂದು. ಇಲ್ಲ. ಎಣಿಸಿದ್ದು ನನ್ನನ್ನೇ.

ಎಂಬತ್ತರ ದಶಕದ ಕೊನೆಗೆ ಒಂದು ಮದುವೆಗೆಂದು ಮೂಡಬಿದಿರೆಗೆ ಹೋಗಿದ್ದೆ. ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದಾಗ ಬೀಡಿಯ ಕುಕ್ಕೆ ಹಿಡಿದ ಒಬ್ಬ ಹೆಂಗಸು ಪಕ್ಕದವರ ಹತ್ತಿರ “ಇದು ಎಲ್ಲಿಗೆ ಹೋಗುವ ಬಸ್ಸು?” ಎಂದು ಕೇಳುತ್ತಿದ್ದಳು. ಸಿದ್ಧಕಟ್ಟೆ ಎಂದು ದೊಡ್ಡ ಅಕ್ಷರದ ಬೋರ್ಡು ಅವಳ ಎದುರಿಗೇ ಇತ್ತು. ತಿರುಗಿದಾಗ ಗುರುತಾಯಿತು. ಅವಳಿಗೂ ಗುರುತಾಯಿತು.

“ಅಣ್ಣೇರೆ, ಸೌಖ್ಯವಾ?”

“ಸೌಖ್ಯ. ಬೋರ್ಡು ಉಂಟಲ್ಲ, ಓದಬಾರದಾ?”

ಅವಳು ನಕ್ಕಳು. “ಅದೆಲ್ಲ ಬಿಟ್ಟಿದ್ದೇನೆ. ನನ್ನ ಓದು ಸರಿ ಇಲ್ಲ. ಬೀಡಿಯ ಪಾಸ್‌ಬುಕ್ಕನ್ನೂ ಬೇರೆಯವರ ಕೈಯಲ್ಲಿ ಓದಿಸ್ತೇನೆ.”

ತಾಯಿ ಹೇಗಿದ್ದಾರೆ ಎಂದು ಕೇಳಿದೆ.

“ಹೋದ ಮಳೆಗಾಲದಲ್ಲಿ ತೀರಿಹೋದರು. ಒಂದು ದಿನವೂ ನನಗೆ ಬೈದವರಲ್ಲ. ಬೈದಿದ್ದರೆ ಒಳ್ಳೆದಿತ್ತು.” ಬಸ್ಸಿಗೆ ಹತ್ತಿ ಕಿಟಕಿಯ ಬದಿ ಕೂತಳು. ಕುಕ್ಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ನನ್ನ ಕಡೆ ನೋಡಿದಳು. “ನಿಮಗೆ ಹೇಳಬೇಕೂಂತ ಇತ್ತು. ಆಗ ಮಾವ ಅಷ್ಟು ಜನರ ಎದುರು ನಿಮ್ಮ ಮೇಲೆ ಏರಿ ಬಂದದ್ದು ನನ್ನಿಂದಾಗಿ. ತಪ್ಪಾಯ್ತು, ಅಣ್ಣೇರೆ.”

“ಹಳೆ ಸಂಗತಿ,” ಎಂದೆ ನಾನು. “ಬಿಡು. ನನಗೆ ನಿನ್ನ ಮೇಲೆ ಬೇಜಾರಿಲ್ಲ.”

ಅವಳ ಮುಖ ಹಗುರಾಯಿತು. ಹೀಗೆ ನಾನು ಅವಳನ್ನು ಕ್ಷಮಿಸಿದೆ. ನಾನು ಮಾಡಿದ್ದರಲ್ಲಿ ಇದು ಎಲ್ಲಕ್ಕಿಂತ ಕೆಟ್ಟದ್ದು ಎಂದು ಈಗ ಎಣಿಸುತ್ತೇನೆ. ಮೊದಲಿನದಕ್ಕೆ ಅವಸರ ಇತ್ತು, ಜನ ನೋಡುತ್ತಿದ್ದರು. ಇದಕ್ಕೆ ಯಾವುದೂ ಇರಲಿಲ್ಲ. ಅವಳು ಸರಿಯಾಗಿ ಓದಿದ್ದಳು. ಅದನ್ನು ಹೇಳಲಿಕ್ಕೆ ಅರ್ಧ ನಿಮಿಷ ಸಾಕಿತ್ತು. ಡ್ರೈವರು ಚಾ ಕುಡಿಯಲು ಇಳಿದಿದ್ದ, ಬಸ್ಸು ಮತ್ತೂ ಹತ್ತು ನಿಮಿಷ ಅಲ್ಲೇ ನಿಂತಿತ್ತು. ನಾನು ಕಿಟಕಿಯ ಕೆಳಗೆ ನಿಂತು ಮದುವೆಯ ಊಟದ ವಿಷಯ ಮಾತಾಡಿದೆ.